ನಷ್ಟವೇ ಇಲ್ಲದ ಜಾಲದಲ್ಲಿ ಪ್ಯಾಕೆಟ್ ಕಳೆದುಹೋಗುತ್ತಿದೆ: ಟ್ರಾನ್ಸ್‌ಪೋರ್ಟ್ ಪ್ರೋಟೊಕಾಲ್ ಪರೀಕ್ಷಿಸಲು ನೀವೆಲ್ಲ ಏನು ಬಳಸುತ್ತೀರಿ?

ಕೊನೆಬೈಟ್

ಎರಡು ವಾರದಿಂದ ಒಂದೇ ತೊಂದರೆಯ ಸುತ್ತ ಗಾಣದ ಎತ್ತಿನಂತೆ ತಿರುಗುತ್ತಿದ್ದೇನೆ. ಉದ್ದವಾಯಿತು ಎಂದು ಬೇಸರಿಸದೆ ಓದಿ.

ದೊಡ್ಡ ಫೈಲ್‌ಗಳನ್ನು ಸಾಗಿಸಲು ಪ್ಯಾಕೆಟ್ ತಲುಪಿತೇ ಎಂದು ತಾನಾಗಿ ನೋಡಿಕೊಳ್ಳದ ಯುಡಿಪಿಯ ಮೇಲೆ ಒಂದು ಪುಟ್ಟ ಟ್ರಾನ್ಸ್‌ಪೋರ್ಟ್ ಪ್ರೋಟೊಕಾಲ್ ಬರೆದಿದ್ದೇನೆ. ಕ್ರಮಸಂಖ್ಯೆ, ಸ್ವೀಕೃತಿ, ಕಳೆದದ್ದನ್ನು ಮತ್ತೆ ಕಳುಹಿಸುವುದು, ದಟ್ಟಣೆ ನಿಯಂತ್ರಣ, ಎಲ್ಲವೂ ಇವೆ. ಒಂದು ಪ್ಯಾಕೆಟ್‌ನಲ್ಲಿ 1,200 ಬೈಟ್. ಎರಡು ಲಿನಕ್ಸ್ ಯಂತ್ರಗಳನ್ನು ಒಂದು ಗಿಗಾಬಿಟ್‌ನ ಕೇಬಲ್‌ನಿಂದ ನೇರವಾಗಿ ಜೋಡಿಸಿದ್ದೇನೆ. ನಡುವೆ ಸ್ವಿಚ್ ಕೂಡ ಇಲ್ಲ.

ಹಾಗೆಯೇ ಓಡಿಸಿದರೆ ವೇಗ ಸೆಕೆಂಡಿಗೆ 700 ಮೆಗಾಬಿಟ್ ದಾಟುತ್ತದೆ. ದೂರದ ಜಾಲದಂತೆ ಕಾಣಲಿ ಎಂದು ಕಳುಹಿಸುವ ಯಂತ್ರದಲ್ಲಿ ನೆಟೆಮ್ (ಜಾಲದ ವಿಳಂಬ, ನಷ್ಟಗಳನ್ನು ನಟಿಸುವ ಲಿನಕ್ಸ್‌ನ ಸಲಕರಣೆ) ಹಾಕಿ 100 ಮಿಲಿಸೆಕೆಂಡ್ ವಿಳಂಬ ಸೇರಿಸಿದ ಕೂಡಲೇ ಕಥೆ ಬದಲಾಗುತ್ತದೆ. ವೇಗ 95ರ ಹತ್ತಿರಕ್ಕೆ ಏರುತ್ತದೆ, ಪ್ಯಾಕೆಟ್ ನಷ್ಟ ಎಂದು ನನ್ನ ಲಾಗ್ ಹೇಳುತ್ತದೆ, ವೇಗ ಅರ್ಧಕ್ಕೆ ಬೀಳುತ್ತದೆ, ಮತ್ತೆ ಏರುತ್ತದೆ. ನೆಟೆಮ್‌ಗೆ ನಾನು ನಷ್ಟದ ಪ್ರಮಾಣವನ್ನೇ ಕೊಟ್ಟಿಲ್ಲ. ಬರೀ ವಿಳಂಬ.

ತಲೆ ಕೆಡಿಸಿದ್ದು ಮುಂದಿನದು. 48,213ನೇ ಪ್ಯಾಕೆಟ್ ಕಳುಹಿಸಿದ್ದೇನೆ ಎಂದು ಲಾಗ್‌ನಲ್ಲಿದೆ. ಕರ್ನಲ್ (ಲಿನಕ್ಸ್‌ನ ತಿರುಳು) ಕೂಡ 1,200 ಬೈಟ್ ತೆಗೆದುಕೊಂಡೆ ಎಂದು ಯಾವ ತಕರಾರೂ ಇಲ್ಲದೆ ಉತ್ತರ ಕೊಟ್ಟಿದೆ. ಆದರೆ ಅದೇ ಯಂತ್ರದಲ್ಲಿ ಓಡುತ್ತಿದ್ದ, ಹೋಗಿಬರುವ ಪ್ಯಾಕೆಟ್‌ಗಳನ್ನು ಸೆರೆಹಿಡಿಯುವ ಟಿಸಿಪಿಡಂಪ್‌ನಲ್ಲಿ 48,212 ಇದೆ, 48,214 ಇದೆ, 48,213 ಇಲ್ಲ! ಕೇಬಲ್ ಬದಲಿಸಿದೆ. ಕೋಡನ್ನು ಮೂರು ಸಲ ಮೇಲಿನಿಂದ ಕೆಳಗಿನವರೆಗೆ ಓದಿದೆ. ಸುಳ್ಳು ಹೇಳುತ್ತಿರುವವರು ಯಾರು?

ಅರ್ಧರಾತ್ರಿ

ಮೊದಲು ಒಂದು ಪ್ರಶ್ನೆ. ಸ್ವಂತ ಪ್ರೋಟೊಕಾಲ್ ಯಾಕೆ? ಯುಡಿಪಿಯ ಮೇಲೇ ಕಟ್ಟಿದ ಕ್ವಿಕ್ ಪ್ರೋಟೊಕಾಲ್ 2021ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9000 ಎಂಬ ಅಂತರ್ಜಾಲ ಮಾನದಂಡವಾಗಿ ಹೊರಬಂದಿದೆ. ನೀವು ಪಟ್ಟಿ ಮಾಡಿದ್ದೆಲ್ಲ ಅದರಲ್ಲಿದೆ, ಜೊತೆಗೆ ಗೂಢಲಿಪೀಕರಣವೂ ಇದೆ. ರಾಜಮಾರ್ಗ ಇರುವಾಗ ಮುಳ್ಳು ಸವರಿಕೊಂಡು ಹೋಗುವುದೇಕೆ?

ಕೊನೆಬೈಟ್

ಕಲಿಯಲು. ರಾಜಮಾರ್ಗದಲ್ಲಿ ಗಾಡಿ ಓಡಿಸಿದ್ದೇನೆ, ರಸ್ತೆ ಹಾಕುವುದು ಹೇಗೆ ಎಂದು ತಿಳಿಯಬೇಕಿತ್ತು.

ಹಳೇತಂತಿ

ನೆಟೆಮ್ ಹಾಕಿದ ಇಂಟರ್‌ಫೇಸ್‌ನ ಅಂಕಿ ಅಂಶಗಳನ್ನು ಟಿಸಿ ಆಜ್ಞೆಯಿಂದ ತೆಗೆದು ಇಲ್ಲಿ ಹಾಕಿ. ಅದರಲ್ಲಿ ಮೂರು ಸಂಗತಿ ನೋಡಬೇಕು: ಲಿಮಿಟ್ ಎಷ್ಟು, ಬೀಳಿಸಿದ್ದು ಎಷ್ಟು, ಸದ್ಯ ಸರದಿಯಲ್ಲಿ ನಿಂತಿರುವುದು ಎಷ್ಟು.

ನೀವು ಹಾಕುವ ಮೊದಲೇ ಊಹೆ ಹೇಳಿಬಿಡುತ್ತೇನೆ, ತಪ್ಪಾದರೆ ನಗಬಹುದು. ನೆಟೆಮ್ ವಿಳಂಬವನ್ನು ಹುಟ್ಟಿಸುವುದು ಪ್ಯಾಕೆಟ್‌ಗಳನ್ನು ತನ್ನ ಸರದಿಯಲ್ಲಿ ಹಿಡಿದಿಟ್ಟುಕೊಂಡು. ಆ ಸರದಿಯ ಉದ್ದ, ನೀವಾಗಿ ಹೇಳದಿದ್ದರೆ, 1,000 ಪ್ಯಾಕೆಟ್. ಪ್ರತಿ ಪ್ಯಾಕೆಟ್ 100 ಮಿಲಿಸೆಕೆಂಡ್ ಕೂರಬೇಕು, ಕುರ್ಚಿ ಇರುವುದು ಸಾವಿರ. ಅಂದರೆ ಸೆಕೆಂಡಿಗೆ 10,000 ಪ್ಯಾಕೆಟ್ ಮಾತ್ರ ದಾಟಲು ಸಾಧ್ಯ. 10,000 × 1,200 × 8. ಗುಣಿಸಿ ನೋಡಿ.

ಕೊನೆಬೈಟ್

96 ಮೆಗಾಬಿಟ್. ಮೈ ಜುಮ್ಮೆಂದಿತು.

ಅಂಕಿ ಅಂಶ ನೋಡಿದೆ. ಲಿಮಿಟ್ 1,000. ಸರದಿಯಲ್ಲಿ ನಿಂತಿರುವುದು ಸರಿಯಾಗಿ 1,000. ಬೀಳಿಸಿದ್ದು ನನ್ನ ಲಾಗ್‌ನ ನಷ್ಟದ ಲೆಕ್ಕಕ್ಕೆ ಒಂದೂ ಹೆಚ್ಚು ಕಡಿಮೆ ಇಲ್ಲದೆ ಹೊಂದುತ್ತದೆ. ಹಾಗಾದರೆ ಟಿಸಿಪಿಡಂಪ್‌ನಲ್ಲಿ ಯಾಕೆ ಕಾಣಲಿಲ್ಲ?

ಮೂರನೇಕಣ್ಣು

ಟಿಸಿಪಿಡಂಪ್ ಎಲ್ಲಿ ಕೂತು ನೋಡುತ್ತದೆ ಎಂಬುದು ಇಲ್ಲಿ ಮುಖ್ಯ. ಹೊರಹೋಗುವ ದಾರಿಯಲ್ಲಿ ಅದು ಸರದಿಯ ಆಚೆ ಕೂತಿದೆ, ಅಂದರೆ ನೆಟೆಮ್‌ನಿಂದ ಪಾರಾಗಿ ಕಾರ್ಡಿನ ಚಾಲಕ ತಂತ್ರಾಂಶಕ್ಕೆ ಒಪ್ಪಿಸುವ ಹೊತ್ತಿನಲ್ಲಿ. ಸರದಿಯಲ್ಲೇ ಸತ್ತ ಪ್ಯಾಕೆಟ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಪರಿಣಾಮ: ಕಳುಹಿಸುವ ಕಡೆಯ ಸೆರೆಹಿಡಿತದಲ್ಲಿ ಕಾಣುವ ಸಮಯವೂ 100 ಮಿಲಿಸೆಕೆಂಡ್ ಕಳೆದ ಮೇಲಿನದು. ಅದನ್ನು ನೋಡಿ ಆರ್‌ಟಿಟಿ (ಪ್ಯಾಕೆಟ್ ಹೋಗಿ ಉತ್ತರ ಬರುವ ಸಮಯ) ಲೆಕ್ಕ ಹಾಕಿದರೆ ವಿಳಂಬವೇ ಇಲ್ಲವೇನೋ ಅನ್ನಿಸುತ್ತದೆ.

ಒಳಬರುವ ದಾರಿಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅದು ಬಾಗಿಲ ಹೊರಗೇ ಕೂತಿದೆ. ಫೈರ್‌ವಾಲ್ ಎಸೆಯಲಿರುವ ಪ್ಯಾಕೆಟ್ ಕೂಡ ಬಂದಿತೆಂದೇ ದಾಖಲಾಗುತ್ತದೆ. ಟಿಸಿಪಿಡಂಪ್‌ನಲ್ಲಿ ಕಂಡಿತು ಎಂದರೆ ನಿಮ್ಮ ಪ್ರೋಗ್ರಾಂ ಕೈಗೆ ಸಿಕ್ಕಿತು ಎಂದಲ್ಲ.

ಕರ್ನಲ್ ತಕರಾರಿಲ್ಲದೆ ತೆಗೆದುಕೊಂಡಿತು ಎಂದಿರಲ್ಲ, ಲಿನಕ್ಸ್‌ನಲ್ಲಿ ಅದು ಹಾಗೆಯೇ. ಸರದಿ ತುಂಬಿ ಯುಡಿಪಿ ಪ್ಯಾಕೆಟ್ ಬಿದ್ದರೆ ಸಾಮಾನ್ಯವಾಗಿ ಕಳುಹಿಸಿದವರಿಗೆ ಸುದ್ದಿಯೇ ಹೋಗುವುದಿಲ್ಲ. ನಿಮ್ಮ ಕೋಡ್, ಕರ್ನಲ್, ಟಿಸಿಪಿಡಂಪ್ ಮೂವರೂ ನಿಜವನ್ನೇ ಹೇಳಿದ್ದಾರೆ.

ಹೊಸಬ_07

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸೆರೆಹಿಡಿದ ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ನನ್ನ ಯಂತ್ರದಿಂದ ಹೊರಡುವ ಪ್ಯಾಕೆಟ್‌ಗಳಲ್ಲೆಲ್ಲ ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಪ್ಪಾಗಿದೆ ಎಂದು ತೋರಿಸುತ್ತದೆ. ಟಿಸಿಪಿಯಲ್ಲಿ ಕೆಲವು ಪ್ಯಾಕೆಟ್ 20,000 ಬೈಟ್‌ಗೂ ದೊಡ್ಡದಿವೆ. ಈಥರ್‌ನೆಟ್‌ನಲ್ಲಿ 1,500 ಅಲ್ಲವೇ ಮಿತಿ? ಕಾರ್ಡ್ ಹಾಳಾಗಿದೆಯೇ?

ಮೂರನೇಕಣ್ಣು

ಕಾರ್ಡ್ ಚೆನ್ನಾಗಿಯೇ ಇದೆ. ಚೆಕ್‌ಸಮ್ ತುಂಬುವುದನ್ನೂ ದೊಡ್ಡದನ್ನು ತುಂಡರಿಸುವುದನ್ನೂ ಕರ್ನಲ್ ಕಾರ್ಡಿಗೆ ವಹಿಸಿಬಿಟ್ಟಿರುತ್ತದೆ, ಇದಕ್ಕೆ ಆಫ್‌ಲೋಡ್ ಎನ್ನುತ್ತಾರೆ. ನೀವು ನೋಡುತ್ತಿರುವುದು ಕಾರ್ಡಿಗೆ ಹೋಗುವ ಮೊದಲಿನ ರೂಪ. ಪರೀಕ್ಷೆಯ ಹೊತ್ತಿಗೆ ಕಾರ್ಡಿನ ಸೆಟ್ಟಿಂಗ್ ಬದಲಿಸುವ ಈಥ್‌ಟೂಲ್‌ನಿಂದ ಟಿಎಸ್‌ಒ, ಜಿಎಸ್‌ಒ, ಜಿಆರ್‌ಒ ಎಂಬ ಮೂರು ಆಫ್‌ಲೋಡ್‌ಗಳನ್ನೂ ನಿಲ್ಲಿಸಿಬಿಡಿ.

ಇದು ಬರೀ ಕಣ್ಣಿಗೆ ಕಾಣುವ ವಿಚಾರವಲ್ಲ. ನೆಟೆಮ್ ಪಾಲಿಗೂ ಆ 20,000 ಬೈಟ್ ಒಂದೇ ಪ್ಯಾಕೆಟ್. 1% ನಷ್ಟ ಎಂದು ಹೇಳಿದರೆ ಅಷ್ಟು ದೊಡ್ಡ ಗಂಟನ್ನೇ ಒಟ್ಟಿಗೆ ಎಸೆಯುತ್ತದೆ. ಬಿಡಿ ನಷ್ಟವನ್ನು ಪರೀಕ್ಷಿಸುತ್ತಿದ್ದೇನೆ ಎಂದುಕೊಂಡವರು ಗೊಂಚಲು ನಷ್ಟವನ್ನು ಪರೀಕ್ಷಿಸಿರುತ್ತಾರೆ.

ಕೊನೆಬೈಟ್

ಲಿಮಿಟ್ ಎಷ್ಟಿಟ್ಟರೆ ಸರಿ?

ಹಳೇತಂತಿ

ಗಿಗಾಬಿಟ್ ವೇಗದಲ್ಲಿ 100 ಮಿಲಿಸೆಕೆಂಡಿಗೆ ದಾರಿಯಲ್ಲಿ ತುಂಬುವುದು 12.5 ಮೆಗಾಬೈಟ್, ನಿಮ್ಮ ಅಳತೆಯಲ್ಲಿ 10,400 ಚಿಲ್ಲರೆ ಪ್ಯಾಕೆಟ್. ಅದರ ಎರಡರಷ್ಟು ಇಡಿ. ಆದರೆ ನೆಟೆಮ್‌ನಲ್ಲೇ ವೇಗದ ಮಿತಿಯನ್ನೂ ಹಾಕಿದರೆ ಇದೇ ಸರದಿ ಇಕ್ಕಟ್ಟಿನ ಕೊಂಡಿಯ ಬಫರ್ ಕೂಡ ಆಗುತ್ತದೆ. ಆಗ ದೊಡ್ಡ ಲಿಮಿಟ್ ಇಟ್ಟರೆ ಪ್ಯಾಕೆಟ್‌ಗಳು ಬೀಳದೆ ಸುಮ್ಮನೆ ನಿಂತು ನಿಂತು ಆರ್‌ಟಿಟಿ ಬೆಳೆಯುತ್ತದೆ. ವಿಳಂಬಕ್ಕೆ ಒಂದು ಕಡೆ, ವೇಗದ ಮಿತಿಗೆ ಇನ್ನೊಂದು ಕಡೆ ಎಂದು ಬೇರೆ ಮಾಡಿ. ಸಾಧ್ಯವಾದರೆ ನೆಟೆಮ್ ಅನ್ನು ಎರಡೂ ಯಂತ್ರಗಳಿಂದ ತೆಗೆದು ನಡುವೆ ಮೂರನೆಯ ಯಂತ್ರದಲ್ಲಿ ಹಾಕಿ.

ಬೀಜಗಣಿತ

ಮೂರನೆಯ ಯಂತ್ರ ಇಲ್ಲದವರಿಗೆ ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗೆ ಜಾಲಕ್ಕೆ ಬೇರೆ ಬೇರೆ ಕೋಣೆಗಳು) ಸಾಕು. ಒಂದೇ ಯಂತ್ರದಲ್ಲಿ ಮೂರು ನೇಮ್‌ಸ್ಪೇಸ್, ನಡುವೆ ವೆತ್ ಜೋಡಿಗಳೆಂಬ ನಕಲಿ ಕೇಬಲ್‌ಗಳು, ಮಧ್ಯದವನು ರೂಟರ್. ಇನ್ನೊಂದು ಲಾಭ: ಎಲ್ಲರ ಗಡಿಯಾರವೂ ಒಂದೇ. ಎರಡು ಯಂತ್ರಗಳ ಸೆರೆಹಿಡಿತವನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಗಡಿಯಾರಗಳ ವ್ಯತ್ಯಾಸದಿಂದ ಪ್ಯಾಕೆಟ್ ಹೊರಡುವ ಮೊದಲೇ ತಲುಪಿದಂತೆ ಕಾಣುವ ವಿಚಿತ್ರ ತಪ್ಪುತ್ತದೆ.

ಅರ್ಧರಾತ್ರಿ

ಸರಿ, ಕಲಿಯುವುದಕ್ಕೆ ಎಂದ ಮೇಲೆ ನನ್ನ ತಕರಾರು ವಾಪಸ್. ಆದರೆ ಕ್ವಿಕ್ ಲೋಕದಿಂದ ಒಂದನ್ನು ಕದಿಯಿರಿ: ಕ್ಯೂಲಾಗ್. ತಂತಿಯ ಮೇಲಿನದನ್ನು ನೋಡಿದರೆ ಏನಾಯಿತು ಎಂದು ತಿಳಿಯುತ್ತದೆ, ಯಾಕೆ ಎಂದು ತಿಳಿಯುವುದಿಲ್ಲ. ಮತ್ತೆ ಕಳುಹಿಸಿದ್ದು ಟೈಮರ್ ಮುಗಿದಿದ್ದಕ್ಕೋ, ನಂತರದ ಪ್ಯಾಕೆಟ್‌ಗಳಿಗೆ ಸ್ವೀಕೃತಿ ಬಂದಿದ್ದಕ್ಕೋ? ಆ ಕ್ಷಣ ದಟ್ಟಣೆಯ ವಿಂಡೋ (ಸ್ವೀಕೃತಿಗೆ ಕಾಯದೆ ಒಮ್ಮೆಗೆ ಕಳುಹಿಸಬಹುದಾದ ಪ್ರಮಾಣ) ಎಷ್ಟಿತ್ತು? ಇವು ಪ್ಯಾಕೆಟ್‌ನೊಳಗೆ ಎಲ್ಲೂ ಬರೆದಿರುವುದಿಲ್ಲ. ಎಂಡ್‌ಪಾಯಿಂಟ್, ಅಂದರೆ ತುದಿಯಲ್ಲಿರುವ ಪ್ರೋಗ್ರಾಂ, ತಾನೇ ಹೇಳಬೇಕು. ಕ್ಯೂಲಾಗ್ ಎಂದರೆ ಇಂಥ ಘಟನೆಗಳನ್ನು ಜೇಸನ್ ರೂಪದಲ್ಲಿ ಬರೆದಿಡುವ ಒಂದು ಒಪ್ಪಿತ ಮಾದರಿ. ಕ್ಯೂವಿಸ್ ಎಂಬ ಸಲಕರಣೆಗೆ ಕೊಟ್ಟರೆ ಅದು ಚಿತ್ರ ಬಿಡಿಸುತ್ತದೆ. ಮುನ್ನೂರು ಸಾಲು ಓದಿ ಸಿಗದ ತಪ್ಪು ಒಂದು ಗರಗಸದ ಗೆರೆಯಲ್ಲಿ ಸಿಕ್ಕಿಬೀಳುತ್ತದೆ.

ಕ್ವಿಕ್‌ನಲ್ಲಿ ಇದು ಅನಿವಾರ್ಯ ಕೂಡ. ಸ್ವೀಕೃತಿಗಳೂ ಗೂಢಲಿಪಿಯಲ್ಲೇ ಇರುವುದರಿಂದ ಹೊರಗಿನವರಿಗೆ ಕಾಣುವುದು ಅತ್ಯಲ್ಪ. ಸಣ್ಣ ಹೆಡರ್‌ನಲ್ಲಿ ಸ್ಪಿನ್ ಬಿಟ್ ಎಂಬ ಒಂದೇ ಒಂದು ಬಿಟ್ ಇದೆ. ಅದು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಹೊರಳುವ ಅಂತರದಿಂದ ಆರ್‌ಟಿಟಿ ಅಳೆಯಬಹುದು. ಅದೂ ಎರಡೂ ಕಡೆಯವರು ಒಪ್ಪಿದರೆ.

ಹೊಸಬ_07

ವೈರ್‌ಶಾರ್ಕ್ ಕ್ವಿಕ್ ಅನ್ನು ಬಿಡಿಸಿ ತೋರಿಸುತ್ತದೆ ಎಂದು ಕೇಳಿದ್ದೆನಲ್ಲ?

ಅರ್ಧರಾತ್ರಿ

ಕೀಲಿ ಕೊಟ್ಟರೆ ತೋರಿಸುತ್ತದೆ. ಎಸ್‌ಎಸ್‌ಎಲ್‌ಕೀಲಾಗ್‌ಫೈಲ್ ಎಂಬ ಪರಿಸರ ಚರಾಂಕಕ್ಕೆ ಒಂದು ಫೈಲಿನ ಹೆಸರು ಕೊಟ್ಟು ಪ್ರೋಗ್ರಾಂ ಶುರುಮಾಡಿ. ಅದನ್ನು ಗೌರವಿಸುವ ಲೈಬ್ರರಿಯಾದರೆ ಸಂಪರ್ಕದ ಗುಟ್ಟುಗಳನ್ನು ಆ ಫೈಲಿಗೆ ಬರೆಯುತ್ತದೆ, ವೈರ್‌ಶಾರ್ಕ್‌ನ ಟಿಎಲ್‌ಎಸ್ ಸೆಟ್ಟಿಂಗ್‌ನಲ್ಲಿ ಆ ಫೈಲ್ ತೋರಿಸಿ. ಸಂಪರ್ಕದ ಶುರುವಿನ ಕೈಕುಲುಕುವ ಹಂತದಿಂದಲೇ ಸೆರೆಹಿಡಿದಿರಬೇಕು, ನಡುವಿನಿಂದ ಹಿಡಿದರೆ ಹೆಚ್ಚಾಗಿ ಏನೂ ಬಿಚ್ಚಿಕೊಳ್ಳುವುದಿಲ್ಲ. ನಿಜವಾದ ಬಳಕೆದಾರರಿರುವ ಸರ್ವರ್‌ನಲ್ಲಿ ಇದನ್ನು ಮಾಡಬೇಡಿ.

ಕೊನೆಬೈಟ್

ಲಿಮಿಟ್ 22,000 ಮಾಡಿದೆ. ನೆಟೆಮ್ ಈಗ ಒಂದನ್ನೂ ಬೀಳಿಸುತ್ತಿಲ್ಲ. ವೇಗ 380ರವರೆಗೆ ಹೋಯಿತು. ಆದರೆ ನಷ್ಟ ನಿಂತಿಲ್ಲ!

ಈ ಸಲದ ಲಕ್ಷಣವೇ ಬೇರೆ. ಕಳೆದ ಪ್ಯಾಕೆಟ್‌ಗಳು ಕಳುಹಿಸುವ ಕಡೆಯ ಟಿಸಿಪಿಡಂಪ್‌ನಲ್ಲೂ ಇವೆ, ಪಡೆಯುವ ಕಡೆಯ ಟಿಸಿಪಿಡಂಪ್‌ನಲ್ಲೂ ಇವೆ. ಪಡೆಯುವ ಪ್ರೋಗ್ರಾಂನ ಲಾಗ್‌ನಲ್ಲಿ ಮಾತ್ರ ಇಲ್ಲ. ಒಂದೊಂದೇ ಅಲ್ಲ, ನೂರರ ಲೆಕ್ಕದಲ್ಲಿ ಸಾಲಾಗಿ ಮಾಯವಾಗುತ್ತವೆ. ಮೂರನೇಕಣ್ಣು ಅವರು ಹೇಳಿದ 'ಬಾಗಿಲ ಹೊರಗೆ' ಎಂಬ ಮಾತು ನೆನಪಾಯಿತು. ಫೈರ್‌ವಾಲ್ ಇಲ್ಲ.

ಮೂರನೇಕಣ್ಣು

ಪಡೆಯುವ ಕಡೆ, ಕರ್ನಲ್‌ನ ಜಾಲದ ಎಣಿಕೆಗಳನ್ನು ತೋರಿಸುವ ಎನ್‌ಸ್ಟಾಟ್ ಓಡಿಸಿ ಯುಡಿಪಿಯ ಸ್ವೀಕಾರ ಬಫರ್ ದೋಷದ ಎಣಿಕೆ ನೋಡಿ. ಏರುತ್ತಿದ್ದರೆ, ಪ್ರೋಗ್ರಾಂ ಓದುವವರೆಗೆ ಪ್ಯಾಕೆಟ್‌ಗಳು ಕಾಯುವ ಸಾಕೆಟ್ ಬಫರೇ ಕಳ್ಳ.

ಕೊನೆಬೈಟ್

ಏರುತ್ತಿದೆ. ಆದರೆ ಸಾಕೆಟ್‌ಗೆ 4 ಮೆಗಾಬೈಟ್ ಬಫರ್ ಬೇಕೆಂದು ಕೋಡ್‌ನಲ್ಲೇ ಕೇಳಿದ್ದೇನೆ. ದೋಷವೇನೂ ಬಂದಿಲ್ಲ.

ಮೂರನೇಕಣ್ಣು

ಕೇಳಿದ್ದು ಸರಿ, ಸಿಕ್ಕಿದ್ದು ಎಷ್ಟು ಎಂದು ತಿರುಗಿ ಕೇಳಿದ್ದೀರಾ?

ಕೊನೆಬೈಟ್

425984 ಬೈಟ್.

ಮೂರನೇಕಣ್ಣು

ಅದು 212992ರ ಎರಡರಷ್ಟು. ಬಫರ್‌ಗೆ ಕರ್ನಲ್‌ನಲ್ಲಿ ಒಂದು ಗರಿಷ್ಠ ಮಿತಿ ಇದೆ, ಆರ್‌ಮೆಮ್ ಮ್ಯಾಕ್ಸ್. ಹಲವು ಕರ್ನಲ್‌ಗಳಲ್ಲಿ ಅದು 212992. ನೀವು ನಾಲ್ಕು ಮೆಗಾಬೈಟ್ ಕೇಳಿದರೂ ನಲವತ್ತು ಕೇಳಿದರೂ ಕರ್ನಲ್ ಸದ್ದಿಲ್ಲದೆ ಆ ಮಿತಿಗೆ ಇಳಿಸಿ, ತನ್ನ ಖರ್ಚಿಗೆಂದು ಎರಡರಿಂದ ಗುಣಿಸಿ ಇಟ್ಟುಕೊಳ್ಳುತ್ತದೆ. ಆ ಖರ್ಚೂ ಸಣ್ಣದಲ್ಲ. 1,200 ಬೈಟಿನ ಪ್ಯಾಕೆಟ್ ಒಂದಕ್ಕೆ 2,000 ಬೈಟ್ ಮೀರಿ ಲೆಕ್ಕ ಬೀಳುವುದು ಮಾಮೂಲು. ಹೀಗಾಗಿ ನಿಮ್ಮ ಬಫರ್‌ನಲ್ಲಿ ಹಿಡಿಯುವುದು ಇನ್ನೂರರ ಆಸುಪಾಸು ಪ್ಯಾಕೆಟ್.

380 ಮೆಗಾಬಿಟ್ ಎಂದರೆ ಸುಮಾರು 25 ಮೈಕ್ರೋಸೆಕೆಂಡಿಗೆ ಒಂದು ಪ್ಯಾಕೆಟ್. ಇನ್ನೂರು ಪ್ಯಾಕೆಟ್ ತುಂಬಲು 5 ಮಿಲಿಸೆಕೆಂಡ್. ನಿಮ್ಮ ಪ್ರೋಗ್ರಾಂ ಅಷ್ಟು ಹೊತ್ತು ಬೇರೆ ಕಡೆ ತಿರುಗಿದರೆ ಮುಗಿಯಿತು. ಆರ್‌ಮೆಮ್ ಮ್ಯಾಕ್ಸ್ ಏರಿಸಿದರೆ ಲಕ್ಷಣ ಮರೆಯಾಗುತ್ತದೆ. ಆದರೆ ಅದಕ್ಕೂ ಮೊದಲು, ಅದು ಯಾವ ಕಡೆ ತಿರುಗುತ್ತಿದೆ ಎಂದು ಹುಡುಕಿ. ಎಸ್‌ಟ್ರೇಸ್ ಹಾಕಿ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಪ್ರತಿ ಕರೆಯ ಅವಧಿ ನೋಡಿ. ಅದೂ ಪ್ರೋಗ್ರಾಂ ಅನ್ನು ನಿಧಾನ ಮಾಡುತ್ತದೆ ಎಂಬುದು ನೆನಪಿರಲಿ, ದೊಡ್ಡ ಅಂತರಗಳನ್ನು ಮಾತ್ರ ನಂಬಿ.

ಕೊನೆಬೈಟ್

ಸಿಕ್ಕಿತು. ಹೇಳಲು ನಾಚಿಕೆಯಾಗುತ್ತಿದೆ.

ಪ್ಯಾಕೆಟ್ ಓದುವ ಥ್ರೆಡ್‌ನಲ್ಲೇ ಲಾಗ್ ಬರೆಯುತ್ತಿದ್ದೆ. ಪ್ರತಿ ಪ್ಯಾಕೆಟ್‌ಗೆ ಒಂದು ಸಾಲು, ಸಾವಿರ ಸಾಲಿಗೊಮ್ಮೆ ಡಿಸ್ಕಿಗೆ ಬಲವಂತವಾಗಿ ಇಳಿಸುವುದು. ಹೆಚ್ಚಿನ ಸಲ ಅದು ಬೇಗ ಮುಗಿಯುತ್ತದೆ, ಆಗೊಮ್ಮೆ ಈಗೊಮ್ಮೆ 9 ಮಿಲಿಸೆಕೆಂಡ್, ಒಮ್ಮೆ 14. ಅಷ್ಟರಲ್ಲಿ ಬಫರ್ ತುಳುಕಿ ನೂರಾರು ಪ್ಯಾಕೆಟ್ ನೆಲದ ಪಾಲು. ಮೊದಲ ದಿನ ವಿಳಂಬವಿಲ್ಲದೆ 700 ಬಂದಾಗ ಲಾಗ್ ಇರಲೇ ಇಲ್ಲ. ನಷ್ಟ ಯಾಕೆ ಎಂದು ಹುಡುಕಲು ಆಮೇಲೆ ಸೇರಿಸಿದ್ದು. ಕಳ್ಳನನ್ನು ಹಿಡಿಯಲು ಇಟ್ಟ ಕಾವಲುಗಾರನೇ ಕದಿಯುತ್ತಿದ್ದ.

ಹಳೇತಂತಿ

ನಾಚಿಕೆ ಬೇಡ, ಇಲ್ಲಿರುವ ಅರ್ಧ ಜನ ಇದನ್ನು ಮಾಡಿದ್ದಾರೆ, ಉಳಿದರ್ಧ ಒಪ್ಪಿಕೊಂಡಿಲ್ಲ. ಲಾಗ್ ಅನ್ನು ಮೆಮೊರಿಯಲ್ಲಿ ಉಂಗುರದಂತೆ ಸುತ್ತುವ ಬಫರ್‌ಗೆ ಬರೆದು ಸಂಪರ್ಕ ಮುಗಿದ ಮೇಲೆ ಡಿಸ್ಕಿಗೆ ಇಳಿಸಿ. ಟಿಸಿಪಿಡಂಪ್ ಕೂಡ ನಿಲ್ಲಿಸುವಾಗ ಕೊನೆಯಲ್ಲಿ ಒಂದು ಸಾಲು ಹೇಳುತ್ತದೆ, ಕರ್ನಲ್ ಬೀಳಿಸಿದ್ದು ಇಷ್ಟು ಎಂದು. ಅದು ಸೊನ್ನೆಯಲ್ಲದಿದ್ದರೆ ಆ ಸೆರೆಹಿಡಿತವೂ ಅರೆಬರೆ. ಪ್ರತಿ ಪ್ಯಾಕೆಟ್‌ನ ಮೊದಲ 100 ಬೈಟ್ ಮಾತ್ರ ಹಿಡಿಯಿರಿ, ನಿಮಗೆ ಬೇಕಿರುವುದು ಹೆಡರ್ ತಾನೆ.

ಒಂದು ಹಳೆಯ ಸಂಗತಿ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಕಿಲೋಬಿಟ್ ಅಲ್ಲ, ಬಿಟ್. ನಡುವಿನ ದೂರ 400 ಗಜ. ಟಿಸಿಪಿಯ ಮರುರವಾನೆಗಳೇ ಜಾಲವನ್ನು ಕಟ್ಟಿಹಾಕಿದ್ದವು. ಅದರ ಬೆನ್ನು ಹತ್ತಿದ ವ್ಯಾನ್ ಜೇಕಬ್ಸನ್ ದಟ್ಟಣೆ ನಿಯಂತ್ರಣವನ್ನು ರೂಪಿಸಿದರು. ಟಿಸಿಪಿಡಂಪ್ ಹುಟ್ಟಿದ್ದೂ ಅದೇ ಪ್ರಯೋಗಾಲಯದಲ್ಲಿ, ಅದನ್ನು ಬರೆದ ಮೂವರಲ್ಲಿ ಅವರೂ ಒಬ್ಬರು.

ಹೊಸಬ_07

ಹಾಗಾದರೆ ವಿಳಂಬ ಇಲ್ಲದಿದ್ದಾಗ, ಲಾಗ್ ಇಟ್ಟು ಓಡಿಸಿದರೂ 700 ಬರುತ್ತಿತ್ತೇ?

ಕೊನೆಬೈಟ್

ಈಗ ನೋಡಿದೆ. ಬರುತ್ತದೆ, ಸ್ವಲ್ಪ ಕಡಿಮೆ. ಆರ್‌ಟಿಟಿ ತೀರಾ ಸಣ್ಣದಿರುವಾಗ ದಾರಿಯಲ್ಲಿ ಒಮ್ಮೆಗೆ ಇರುವ ಪ್ಯಾಕೆಟ್‌ಗಳೇ ಬೆರಳೆಣಿಕೆ, ಬಫರ್ ತುಳುಕಿಸಲು ಸಾಲುವುದಿಲ್ಲ. ಓದುವವನು ನಿಂತರೆ ಸ್ವೀಕೃತಿಯೂ ನಿಲ್ಲುತ್ತದೆ, ಕಳುಹಿಸುವವನೂ ನಿಲ್ಲುತ್ತಾನೆ. 100 ಮಿಲಿಸೆಕೆಂಡ್ ಇರುವಾಗ ಸಾವಿರಾರು ಪ್ಯಾಕೆಟ್ ಆಗಲೇ ಹೊರಟಾಗಿರುತ್ತವೆ, ನಿಲ್ಲಿ ಎಂದರೂ ನಿಲ್ಲುವುದಿಲ್ಲ.

ಬೀಜಗಣಿತ

ಇಲ್ಲಿಯವರೆಗೆ ಚರ್ಚಿಸಿದ್ದೆಲ್ಲ ಪರೀಕ್ಷೆಯ ಸಲಕರಣೆಯ ತಪ್ಪು. ಪ್ರೋಟೊಕಾಲ್‌ನ ತಪ್ಪು ಹುಡುಕಲು 1% ನಷ್ಟ ಹಾಕಿ ರಾತ್ರಿಯಿಡೀ ಓಡಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಸಾವಿರಾರು ಪ್ಯಾಕೆಟ್‌ಗಳಲ್ಲಿ ಯಾವುದೋ ಒಂದು ಬಿದ್ದರೆ ಯಾವ ಪ್ರೋಟೊಕಾಲ್ ಆದರೂ ಸುಧಾರಿಸಿಕೊಳ್ಳುತ್ತದೆ. ಗುಟ್ಟಿನ ತಪ್ಪುಗಳಿರುವುದು 'ಇದೇ ಪ್ಯಾಕೆಟ್, ಇದೇ ಹೊತ್ತಿನಲ್ಲಿ ಬಿದ್ದರೆ' ಎಂಬ ಮೂಲೆಗಳಲ್ಲಿ.

ನಾನು ಕಂಡ ಒಂದನ್ನು ಹೇಳುತ್ತೇನೆ. ಕ್ವಿಕ್‌ನಲ್ಲಿ, ಎದುರಿನವರ ವಿಳಾಸ ಖಚಿತವಾಗುವವರೆಗೆ ಸರ್ವರ್ ತಾನು ಪಡೆದ ಬೈಟ್‌ಗಳ ಮೂರು ಪಟ್ಟನ್ನು ಮೀರಿ ಕಳುಹಿಸುವಂತಿಲ್ಲ, ಸುಳ್ಳು ವಿಳಾಸ ಕೊಟ್ಟು ಬೇರೆಯವರ ಮೇಲೆ ಪ್ರವಾಹ ಹರಿಸಬಾರದು ಎಂದು. ಕ್ಲೈಂಟ್ 1,200 ಬೈಟ್ ಕಳುಹಿಸಿತು. ಸರ್ವರ್ ಮೊದಲ ಪ್ಯಾಕೆಟ್‌ಗೆ ಸ್ವೀಕೃತಿ ಕೊಟ್ಟು ತನ್ನ ಗುರುತಿನ ಪ್ರಮಾಣಪತ್ರ ಕಳುಹಿಸತೊಡಗಿತು. ಪ್ರಮಾಣಪತ್ರ ದೊಡ್ಡದು, 3,600 ಬೈಟಿಗೆ ಸರ್ವರ್ ಕೈ ಕಟ್ಟಿತು. ಕ್ಲೈಂಟ್ ಕೊಟ್ಟ ಉತ್ತರ ದಾರಿಯಲ್ಲಿ ಬಿತ್ತು. ಈಗ ಕ್ಲೈಂಟ್ ಬಳಿ ಸ್ವೀಕೃತಿಗಾಗಿ ಕಾಯಬೇಕಾದ ಪ್ಯಾಕೆಟ್ ಒಂದೂ ಇಲ್ಲ, ಹಾಗಾಗಿ ನಮ್ಮ ಕೋಡ್ ಟೈಮರನ್ನೇ ಹಾಕಲಿಲ್ಲ. ಸರ್ವರ್‌ಗೆ ಕಳುಹಿಸುವ ಹಕ್ಕಿಲ್ಲ. ಬಾಗಿಲಲ್ಲಿ ನಿಂತು 'ನೀವು ಮೊದಲು' ಎನ್ನುವ ಇಬ್ಬರು ನೆಂಟರಂತೆ ಎರಡೂ ನಿಂತೇ ಇದ್ದವು. ಇಂಥ ಹೊತ್ತಿನಲ್ಲಿ ಕ್ಲೈಂಟ್ ಟೈಮರ್ ಹಾಕಲೇಬೇಕು ಎಂದು ಕ್ವಿಕ್‌ನ ನಷ್ಟ ಪತ್ತೆಯ ನಿಯಮಗಳಿರುವ ಆರ್‌ಎಫ್‌ಸಿ 9002 ಸ್ಪಷ್ಟವಾಗಿ ಹೇಳುತ್ತದೆ. ನಾವು ಆ ಸಾಲನ್ನು ಓದಿ ದಾಟಿದ್ದೆವು. ಯಾದೃಚ್ಛಿಕ ನಷ್ಟದಲ್ಲಿ ಇದು ತಿಂಗಳುಗಟ್ಟಲೆ ಸಿಗಲಿಲ್ಲ. 'ಕ್ಲೈಂಟ್‌ನ ಎರಡನೇ ಪ್ಯಾಕೆಟ್ ಬೀಳಿಸು' ಎಂದು ಬರೆದ ಪರೀಕ್ಷೆಯಲ್ಲಿ ಮೊದಲ ಓಟಕ್ಕೇ ಸಿಕ್ಕಿತು.

ಸ್ವಂತ ಪ್ರೋಟೊಕಾಲ್ ಆದ್ದರಿಂದ ನಿಮಗೆ ಅನುಕೂಲ ಹೆಚ್ಚು. ಗಡಿಯಾರವನ್ನೂ ಸಾಕೆಟ್ಟನ್ನೂ ಕೋಡ್‌ನಿಂದ ಬೇರ್ಪಡಿಸಿ, ಪರೀಕ್ಷೆಯಲ್ಲಿ ನಕಲಿ ಗಡಿಯಾರ, ನಕಲಿ ಜಾಲ ಕೊಡಿ. 60 ಸೆಕೆಂಡಿನ ಟೈಮರ್ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಯಾದೃಚ್ಛಿಕತೆ ಬೇಕಿದ್ದರೆ ಬೀಜಸಂಖ್ಯೆಯನ್ನು (ಸೀಡ್) ಲಾಗ್‌ನ ಮೊದಲ ಸಾಲಿನಲ್ಲೇ ಬರೆಯಿರಿ, ಸೋತ ಓಟವನ್ನು ಹಾಗೆಯೇ ಮತ್ತೆ ಓಡಿಸಲು. ಟಿಸಿಪಿಯವರಿಗೆ ಪ್ಯಾಕೆಟ್‌ಡ್ರಿಲ್ ಇದೆ: ಈ ಪ್ಯಾಕೆಟ್ ಒಳಗೆ ಬಿಡು, ಇಷ್ಟು ಹೊತ್ತಿಗೆ ಇಂಥದ್ದು ಹೊರಬರಬೇಕು ಎಂದು ಲಿಪಿ (ಸ್ಕ್ರಿಪ್ಟ್) ಬರೆದು ನಿಜವಾದ ಕರ್ನಲ್ಲನ್ನೇ ಪರೀಕ್ಷಿಸಬಹುದು.

ಹಳೇತಂತಿ

ಯಾದೃಚ್ಛಿಕ ನಷ್ಟದ ಬಗ್ಗೆ ಅಷ್ಟು ಕಟುವಾಗಬೇಡಿ. ಬರೆದವನಿಗೆ ಹೊಳೆದ ಮೂಲೆಗಳನ್ನು ಮಾತ್ರ ಲಿಪಿ ಪರೀಕ್ಷಿಸುತ್ತದೆ. ಹೊಳೆಯದಿದ್ದವನ್ನು ಯಾರು ನೋಡಬೇಕು? ನಕಲಿ ಜಾಲದಲ್ಲಿ ಸಾಕೆಟ್ ಬಫರ್ ತುಳುಕುವುದೂ ಇಲ್ಲ.

ಬೀಜಗಣಿತ

ಒಪ್ಪಿದೆ, ಎರಡೂ ಬೇಕು. ಆದರೆ ಲಿಪಿ ಮೊದಲು.

ಅರ್ಧರಾತ್ರಿ

ಕ್ವಿಕ್ ಇಂಟರಾಪ್ ರನ್ನರ್‌ನ ಪರೀಕ್ಷೆಗಳ ಪಟ್ಟಿ ನೋಡಿ. ಒಬ್ಬರ ಕ್ಲೈಂಟ್, ಇನ್ನೊಬ್ಬರ ಸರ್ವರ್, ನಡುವೆ ಎನ್‌ಎಸ್-3 ಸಿಮ್ಯುಲೇಟರ್. ಕೈಕುಲುಕುವಾಗ ನಷ್ಟ, ಸಾಗಣೆಯಲ್ಲಿ ನಷ್ಟ, ಪ್ಯಾಕೆಟ್ ಕೆಡುವುದು, ದಾರಿಯೇ ಕೆಲಹೊತ್ತು ಕಡಿದುಹೋಗುವುದು, ನಡುವೆ ಪೋರ್ಟ್ ಬದಲಾಗುವುದು. ಬೀಜಗಣಿತ ಅವರ ಮೂರು ಪಟ್ಟಿನ ಮಿತಿಗೂ ಅಲ್ಲಿ ಪ್ರತ್ಯೇಕ ಪರೀಕ್ಷೆ ಇದೆ. ನಿಮ್ಮ ಪ್ರೋಟೊಕಾಲ್‌ಗೆ ಹೊಂದುವವನ್ನು ಎತ್ತಿಕೊಳ್ಳಿ.

ಕೊನೆಬೈಟ್

ಒಂದು ವಾರದ ವರದಿ. ಲಾಗ್ ಈಗ ಉಂಗುರ ಬಫರ್‌ನಲ್ಲಿ. ಆರ್‌ಮೆಮ್ ಮ್ಯಾಕ್ಸ್ ಏರಿಸಿ, ಕೇಳಿದಷ್ಟು ಸಿಕ್ಕಿತೇ ಎಂದು ಪ್ರೋಗ್ರಾಂ ಶುರುವಿನಲ್ಲೇ ತಿರುಗಿ ಕೇಳುತ್ತದೆ, ಸಿಗದಿದ್ದರೆ ಕೂಗುತ್ತದೆ. 100 ಮಿಲಿಸೆಕೆಂಡಿನಲ್ಲಿ ವೇಗ 690, ನಷ್ಟ ಸೊನ್ನೆ.

ಆಮೇಲೆ ದುರಾಸೆಯಿಂದ ನೆಟೆಮ್‌ಗೆ 10 ಮಿಲಿಸೆಕೆಂಡ್ ಏರಿಳಿತ ಸೇರಿಸಿದೆ. ವೇಗ 4 ಮೆಗಾಬಿಟ್!

ಹಳೇತಂತಿ

ಏರಿಳಿತ ಕೊಟ್ಟರೆ ನೆಟೆಮ್ ಪ್ರತಿ ಪ್ಯಾಕೆಟ್‌ಗೂ ಬೇರೆ ಬೇರೆ ವಿಳಂಬ ಲೆಕ್ಕ ಹಾಕುತ್ತದೆ, ಹಿಂದಿನದು ಮುಂದೆ ಹೋಗುತ್ತದೆ. ನೀವು ನಷ್ಟವನ್ನು ಹೇಗೆ ತೀರ್ಮಾನಿಸುತ್ತೀರಿ?

ಕೊನೆಬೈಟ್

ಮುಂದಿನ ಮೂರು ಪ್ಯಾಕೆಟ್‌ಗೆ ಸ್ವೀಕೃತಿ ಬಂದು ಇದಕ್ಕೆ ಬರದಿದ್ದರೆ ಕಳೆದಿದೆ ಎಂದು. ಆರ್‌ಎಫ್‌ಸಿ 9002ರಲ್ಲಿ ಶಿಫಾರಸು ಮಾಡಿರುವುದೂ ಮೂರೇ ಅಲ್ಲವೇ?

ಹಳೇತಂತಿ

ಮೂರೇ. ಆದರೆ ನಿಮ್ಮ ವೇಗದಲ್ಲಿ 10 ಮಿಲಿಸೆಕೆಂಡಿನ ಒಳಗೆ ಏಳುನೂರು ಪ್ಯಾಕೆಟ್ ಹೋಗುತ್ತವೆ. ಮೂರಲ್ಲ, ಮುನ್ನೂರು ಹಿಂದೆ ಮುಂದೆ ಆಗುತ್ತವೆ. ನಿಜವಾದ ಜಾಲದಲ್ಲಿ ಏರಿಳಿತ ಹೆಚ್ಚಾಗಿ ಸರದಿಯಿಂದ ಬರುತ್ತದೆ, ಸರದಿಯಲ್ಲಿ ನಿಂತವರು ಅದಲುಬದಲಾಗುವುದು ಅಪರೂಪ. ಕ್ರಮ ಕೆಡದೆ ಏರಿಳಿತ ಬೇಕಾದರೆ ಇಕ್ಕಟ್ಟಿನ ಕೊಂಡಿ ಮಾಡಿ ಅಡ್ಡ ಸಂಚಾರ ಬಿಡಿ.

ಆದರೂ 4ಕ್ಕೆ ಇಳಿದದ್ದರಲ್ಲಿ ನಿಮ್ಮ ಕೋಡ್‌ನ ಪಾಲೂ ಇದೆ. ಕಳೆಯಿತು ಎಂದು ಮತ್ತೆ ಕಳುಹಿಸಿದ ಮೇಲೆ ಮೂಲ ಪ್ಯಾಕೆಟ್‌ಗೇ ಸ್ವೀಕೃತಿ ಬಂದರೆ ಏನು ಮಾಡುತ್ತೀರಿ?

ಕೊನೆಬೈಟ್

ಮೂಲಕ್ಕೂ ಮರುರವಾನೆಗೂ ಒಂದೇ ಸಂಖ್ಯೆ ಕೊಡುತ್ತೇನೆ. ಹಾಗಾಗಿ ಯಾವುದಕ್ಕೆ ಸ್ವೀಕೃತಿ ಬಂತು ಎಂದು ನನಗೆ ತಿಳಿಯುವುದೇ ಇಲ್ಲ.

ಓ.

ಅರ್ಧರಾತ್ರಿ

ಕ್ವಿಕ್‌ನಲ್ಲಿ ಮರುರವಾನೆಗೆ ಹೊಸ ಸಂಖ್ಯೆ ಕೊಡುವುದು ಅದಕ್ಕೇ. ಇದನ್ನು ನಾನು ಮೊದಲ ದಿನವೇ ಹೇಳಬಹುದಿತ್ತು, ನೀವು ಕಲಿಯಬೇಕು ಎಂದಿದ್ದಿರಿ.

ಕೊನೆಬೈಟ್

ಕಲಿತೆ. ಹೆಡರ್ ಬದಲಿಸುತ್ತಿದ್ದೇನೆ. ಅಷ್ಟರಲ್ಲಿ ಪರೀಕ್ಷೆಯ ಲಿಪಿಗೆ ಒಂದು ಸಾಲು ಸೇರಿಸಿದ್ದೇನೆ: ಓಟ ಮುಗಿದ ಮೇಲೆ ನೆಟೆಮ್ ತಾನಾಗಿ ಬೀಳಿಸಿದ್ದು ಸೊನ್ನೆಯಲ್ಲದಿದ್ದರೆ ಫಲಿತಾಂಶವನ್ನು ತೋರಿಸದೆ ಎಸೆದುಬಿಡುತ್ತದೆ. ನಿನ್ನೆ ರಾತ್ರಿ ಎರಡು ಸಲ ಎಸೆಯಿತು.